ಸೆಲ್ಫ್ ಹೊಡೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ: ಡೀಸೆಲ್ ಪಿಕಪ್‌ನ ತೊಂದರೆ ನೀವೇ ಹುಡುಕುವುದು ಹೇಗೆ

"ಅಣ್ಣಾ, ಸೆಲ್ಫ್ ಚೊಲೋ ಹೊಡೀತದ, ಗಾಡಿ ಸ್ಟಾರ್ಟ್ ಆಗವಲ್ದು, ಏನ್ ಮಾಡ್ಲಿ?"

ಭತ್ತದ ಸುಗ್ಗಿ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪ, ಎಲ್ಲಾ ಕಡೆಯಿಂದಲೂ ಇದೇ ಮಾತು. ಗಾಡಿಯಲ್ಲಿ ಇಪ್ಪತ್ತು ಚೀಲ ಲೋಡ್ ಇರುತ್ತದೆ, ಮಿಲ್‌ನಲ್ಲಿ ಪಾಳಿ ಹಚ್ಚಿರುತ್ತಾರೆ, ನಸುಕಿನಲ್ಲಿ ಕೀ ತಿರುಗಿಸಿದರೆ ಬರೀ ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅದಕ್ಕೆ ಒಂದೇ ಸಲ ಇಲ್ಲಿ ಪೂರ್ತಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ನೂರರಲ್ಲಿ ಇಷ್ಟು ಅಂತ ಲೆಕ್ಕ ಕೊಡಲು ನನ್ನ ಹತ್ತಿರ ಪುಸ್ತಕವಿಲ್ಲ, ಆದರೆ ನಾನು ನೋಡಿದ ಗಾಡಿಗಳಲ್ಲಿ ಪಂಪು, ನಾಜಲ್ ನಿಜವಾಗಿ ಹಾಳಾಗಿದ್ದು ಕಡಿಮೆ. ಜಾಸ್ತಿ ಸಲ ಅದು ಒಂದು ಸಡಿಲ ಕ್ಲಿಪ್ಪು, ಒಂದು ವಾಷರ್, ನೀರು ತುಂಬಿದ ಫಿಲ್ಟರ್, ಇಲ್ಲಾ ಇಲಿ ಕಡಿದ ವೈರು. ಆದರೆ ಜನ ಶುರು ಮಾಡುವುದೇ ಪಂಪು ಬಿಚ್ಚುವುದರಿಂದ. ಹಾಗೆ ಮಾಡಬೇಡಿ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಕೆಳಗಿನ ಹಂತಗಳು ಅದೇ ಲೆಕ್ಕದಲ್ಲಿವೆ.

ಏನೇನು ಬೇಕು

8ರಿಂದ 19ರವರೆಗಿನ ಪಾನಾಗಳು, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟೆಸ್ಟ್ ಲ್ಯಾಂಪ್ (ಎರಡು ವೈರ್ ಹಚ್ಚಿದ 12 ವೋಲ್ಟ್ ಬಲ್ಬ್ ಆದರೂ ಸಾಕು), ಸಾಧ್ಯವಾದರೆ ಒಂದು ಮಲ್ಟಿಮೀಟರ್. ಒಂದು ಲೀಟರ್‌ನ ಎರಡು ತಿಳಿ ಬಾಟಲಿ. ಡೀಸೆಲ್ ತಡೆಯುವ ಪಾರದರ್ಶಕ ಪೈಪು ಎರಡು ಮೀಟರ್, ಅದಕ್ಕೆ ನಾಲ್ಕು ಕ್ಲಿಪ್ಪು. ಸ್ವಚ್ಛ ಬಟ್ಟೆ. ಐದು ಲೀಟರ್ ಒಳ್ಳೆಯ ಡೀಸೆಲ್. ಜೊತೆಗೆ ಕೀ ತಿರುಗಿಸಲು ಒಬ್ಬ ಮನುಷ್ಯ, ನೀವು ಹೇಳಿದಾಗ ಮಾತ್ರ ತಿರುಗಿಸುವವನು. ಈ ಕೊನೆಯದು ಸಿಗುವುದೇ ಕಷ್ಟ.

ನಿಮ್ಮದು ಯಾವ ಇಂಜಿನ್?

ಇದು ಗೊತ್ತಿಲ್ಲದೆ ಪಾನಾ ಮುಟ್ಟಬೇಡಿ. ಹಳೆಯ ಪಿಕಪ್‌ಗಳಲ್ಲಿ ಮೆಕ್ಯಾನಿಕಲ್ ಪಂಪು ಇರುತ್ತದೆ. ಪಂಪಿನಿಂದ ಒಂದೊಂದು ನಾಜಲ್‌ಗೂ ಒಂದೊಂದು ಸ್ಟೀಲ್ ಪೈಪು ನೇರವಾಗಿ ಹೋಗಿರುತ್ತದೆ, ನಾಜಲ್ ಮೇಲೆ ವೈರು ಇರುವುದಿಲ್ಲ. ನಾಜಲ್ ಅಂದರೆ ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ, ಇಂಜೆಕ್ಟರ್ ಅಂತಲೂ ಕರೆಯುತ್ತಾರೆ.

ಹೊಸವು ಕಾಮನ್ ರೇಲ್. ಪಂಪಿನಿಂದ ಬಂದ ಡೀಸೆಲ್ ಮೊದಲು ಒಂದು ದಪ್ಪ ಸ್ಟೀಲ್ ಕೊಳವೆಯಲ್ಲಿ ಸೇರುತ್ತದೆ, ಅದೇ ರೇಲ್. ಅಲ್ಲಿಂದ ಎಲ್ಲಾ ನಾಜಲ್‌ಗಳಿಗೂ ಹಂಚಿಕೆಯಾಗುತ್ತದೆ. ನಾಜಲ್ ತಲೆಯ ಮೇಲೆ ವೈರಿನ ಸಾಕೆಟ್ ಇರುತ್ತದೆ. ಯಾವಾಗ ಚಿಮ್ಮಬೇಕು, ಎಷ್ಟು ಚಿಮ್ಮಬೇಕು ಅಂತ ಹೇಳುವುದು ಇಸಿಎಂ, ಅಂದರೆ ಇಂಜಿನ್‌ನ ಕಂಪ್ಯೂಟರ್ ಡಬ್ಬಿ. 2020ರ ಏಪ್ರಿಲ್ ನಂತರ ಬಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮದ) ಡೀಸೆಲ್ ಪಿಕಪ್ ಆದರೆ ಕಾಮನ್ ರೇಲ್ ಅಂತಲೇ ತಿಳಿಯಿರಿ. ಅದಕ್ಕೆ ಮುಂಚಿನದಾದರೆ ಬಾನೆಟ್ ಎತ್ತಿ ನಾಜಲ್ ಮೇಲೆ ಸಾಕೆಟ್ ಇದೆಯಾ ನೋಡಿ.

ಎಚ್ಚರಿಕೆ: ಕಾಮನ್ ರೇಲ್‌ನಲ್ಲಿ ಇಂಜಿನ್ ಓಡುವಾಗ ಒತ್ತಡ ಸಾವಿರ ಬಾರ್‌ಗೂ ಮೇಲೆ ಹೋಗುತ್ತದೆ. ನಿಮ್ಮ ಟಯರಿನ ಗಾಳಿ ನಾಲ್ಕೈದು ಬಾರ್, ಹೋಲಿಸಿ ನೋಡಿ. ರೇಲಿನಿಂದ ನಾಜಲ್‌ಗೆ ಹೋಗುವ ಸ್ಟೀಲ್ ಪೈಪಿನ ನಟ್ಟನ್ನು ಸಡಿಲ ಮಾಡಿ ಸೆಲ್ಫ್ ಹೊಡೆಯಬೇಡಿ. ಸೂಜಿ ಮೊನೆಯಷ್ಟು ಡೀಸೆಲ್ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ನೋಡಿದರೆ ಸಣ್ಣ ಚುಕ್ಕೆ, ನೋವೂ ಅಷ್ಟಾಗಿ ಇರುವುದಿಲ್ಲ, ಆದರೆ ಒಳಗೆ ಮಾಂಸ ಕೊಳೆತು ಬೆರಳು ತೆಗೆಯುವ ಸ್ಥಿತಿ ಬರಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ "ಒತ್ತಡದ ಡೀಸೆಲ್ ಒಳಗೆ ಹೊಕ್ಕಿದೆ" ಅಂತ ಬಿಡಿಸಿ ಹೇಳಿ. ಹಳೆಯ ಇಂಜಿನ್‌ನಲ್ಲಿ ಕಲಿತ ಮೇಸ್ತ್ರಿಗಳು ಅಭ್ಯಾಸ ಬಲದಿಂದ ಇಲ್ಲೂ ನಟ್ಟು ಸಡಿಲಿಸುವುದನ್ನು ನೋಡಿದ್ದೇನೆ. ನೋಡಿದಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಹಂತ 1: ಕಿವಿ ಕೊಟ್ಟು ಕೇಳಿ

ಗಾಡಿ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಹಿಂದಿನ ಟಯರಿಗೆ ಕಲ್ಲು. ಒಂದೇ ಸಲ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಸಾಕು, ಆಮೇಲೆ ಎರಡು ನಿಮಿಷ ಬಿಡಿ. ಬಿಡುವು ಕೊಡದೆ ಹೊಡೆದರೆ ಸೆಲ್ಫ್ ಮೋಟಾರ್ ಕಾದು ಸುಡುತ್ತದೆ, ಬ್ಯಾಟರಿಯೂ ಇಳಿಯುತ್ತದೆ, ಆಮೇಲೆ ಒಂದರ ಜಾಗದಲ್ಲಿ ಮೂರು ತೊಂದರೆ.

"ಧುಗ್ ಧುಗ್ ಧುಗ್" ಅಂತ ಒಂದೇ ಲಯದಲ್ಲಿ, ಚುರುಕಾಗಿ ತಿರುಗಿದರೆ ಸರಿ, ಮುಂದಕ್ಕೆ ಹೋಗಿ.

ಎಳೆದು ಎಳೆದು ತಿರುಗಿದರೆ ನಿಮ್ಮ ತೊಂದರೆ ಡೀಸೆಲ್‌ನದಲ್ಲ, ಬ್ಯಾಟರಿ ಇಲ್ಲವೇ ಅರ್ಥಿಂಗ್‌ನದು. ಡೀಸೆಲ್ ಇಂಜಿನ್‌ಗೆ ಪ್ಲಗ್ಗಿನ ಕಿಡಿ ಇಲ್ಲ ಅಲ್ವಾ, ಗಾಳಿಯನ್ನು ಒತ್ತಿ ಒತ್ತಿ ಆ ಬಿಸಿಗೇ ಡೀಸೆಲ್ ಹೊತ್ತಬೇಕು. ನಿಧಾನ ತಿರುಗಿದರೆ ಆ ಬಿಸಿ ಹುಟ್ಟುವುದೇ ಇಲ್ಲ. ಮೀಟರ್ ಇಟ್ಟು ನೋಡಿ: ಸುಮ್ಮನೆ ನಿಂತಾಗ ಬ್ಯಾಟರಿ 12.4 ವೋಲ್ಟ್‌ಗಿಂತ ಮೇಲಿರಬೇಕು, ಸೆಲ್ಫ್ ಹೊಡೆಯುವಾಗ 10ರ ಹತ್ತಿರ ಇಳಿಯಬಹುದು, 9.5ಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಕಾಮನ್ ರೇಲ್ ಗಾಡಿಯಲ್ಲಿ ಇಸಿಎಂ ನಡುವೆಯೇ ಕಣ್ಣು ಮುಚ್ಚಬಹುದು, ಆಗ ಸೆಲ್ಫ್ ತಿರುಗುತ್ತಿದ್ದರೂ ನಾಜಲ್ ತೆರೆಯುವುದಿಲ್ಲ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರು ಹಾಕಿ ತೊಳೆದು, ಇಂಜಿನ್‌ಗೆ ಬಂದಿರುವ ಅರ್ಥ್ ಕೇಬಲ್‌ನ ಬೋಲ್ಟ್ ಬಿಚ್ಚಿ ಉಜ್ಜಿ ಮತ್ತೆ ಬಿಗಿ ಮಾಡಿ. ಇದೊಂದಕ್ಕೇ ಸ್ಟಾರ್ಟ್ ಆದ ಗಾಡಿಗಳು ಎಷ್ಟೋ.

ಇನ್ನು, ಧುಗ್ ಧುಗ್ ಇಲ್ಲದೆ "ಸುಯ್" ಅಂತ ಯಾವತ್ತಿಗಿಂತ ಜೋರಾಗಿ, ಹಗುರವಾಗಿ ತಿರುಗಿತಾ? ಅಲ್ಲೇ ನಿಲ್ಲಿಸಿ. ಟೈಮಿಂಗ್ ಬೆಲ್ಟ್ ಅಥವಾ ಚೈನ್, ಅಂದರೆ ವಾಲ್ವುಗಳನ್ನು ಇಂಜಿನ್ ಲಯಕ್ಕೆ ತಕ್ಕ ಹಾಗೆ ಆಡಿಸುವುದು, ಹೋಗಿರಬಹುದು. ಇನ್ನೊಂದು ಸಲ ಹೊಡೆದರೆ ವಾಲ್ವು, ಪಿಸ್ಟನ್ ಒಂದಕ್ಕೊಂದು ಬಡಿಯಬಹುದು. ಈ ಲೇಖನ ನಿಮಗೆ ಇಲ್ಲಿಗೇ ಮುಗಿಯಿತು, ಗಾಡಿಯನ್ನು ಟೋ ಮಾಡಿಸಿ.

ಹಂತ 2: ಸೈಲೆನ್ಸರ್ ಕಡೆ ನೋಡಿ

ನನ್ನನ್ನು ಕೇಳಿದರೆ ಇಡೀ ಹುಡುಕಾಟದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಒಂದು ಪೈಸೆ ಖರ್ಚಿಲ್ಲ. ಜೊತೆಗಾರ ಸೆಲ್ಫ್ ಹೊಡೆಯಲಿ, ನೀವು ಹಿಂದೆ ಹೋಗಿ ನಿಂತು ಹೊಗೆ ನೋಡಿ.

ಹೊಗೆ ಬರಲೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್‌ಗೆ ಬೀಳುತ್ತಲೇ ಇಲ್ಲ. ಟಾಂಕಿ, ಪೈಪು, ಫಿಲ್ಟರ್, ಏರ್ (ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿ), ಸೊಲಿನಾಯ್ಡ್, ಸೆನ್ಸರ್, ಇಷ್ಟರಲ್ಲೇ ಹುಡುಕಿ. ಹಂತ 3ರಿಂದ 7.

ಬೆಳ್ಳನೆಯ ಹೊಗೆ ಬಂತು, ಹಸಿ ಡೀಸೆಲ್ ವಾಸನೆ ಕಣ್ಣಿಗೆ ಹೊಡೆಯಿತು ಅಂದರೆ ಡೀಸೆಲ್ ಬೀಳುತ್ತಿದೆ, ಹೊತ್ತುತ್ತಿಲ್ಲ. ಆಗ ನೀರು ಬೆರೆತ ಡೀಸೆಲ್, ಅರೆಬರೆ ಏರ್, ಹೀಟರ್ ಪ್ಲಗ್, ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿ ಒತ್ತುವ ಬಲ), ಟೈಮಿಂಗ್ ಕಡೆ ನೋಡಬೇಕು.

ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ. ನೇರವಾಗಿ ಏರ್ ಫಿಲ್ಟರ್ ಡಬ್ಬಿ ತೆಗೆಯಿರಿ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ರಸ್ತೆಯಲ್ಲಿ ಓಡುವ ಗಾಡಿಗಳ ಫಿಲ್ಟರ್ ಬಡಿದರೆ ಕೆಂಪು ಹಿಟ್ಟು ಉದುರಿದ ಹಾಗೆ ಉದುರುತ್ತದೆ. ಮಿಲ್ ಅಂಗಳದಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಡಬ್ಬಿಯೊಳಗೆ ಇಲಿಗೂಡೇ ಇರಬಹುದು.

ಫೋನ್ ಮಾಡುವವರಿಗೆ ನಾನು ಮೊದಲು ಕೇಳುವುದು "ಹೊಗೆ ಏನ್ ಬಣ್ಣ?" ಅಂತ. ಹತ್ತರಲ್ಲಿ ಒಂಬತ್ತು ಜನ ನೋಡಿರುವುದೇ ಇಲ್ಲ.

ಹಂತ 3: ಡ್ಯಾಶ್‌ಬೋರ್ಡ್ ಏನು ಹೇಳುತ್ತಿದೆ

ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಕಾಮನ್ ರೇಲ್ ಗಾಡಿಯಲ್ಲಿ ಇಂಜಿನ್ ಲೈಟ್ ಹತ್ತಬೇಕು. ಹತ್ತದೇ ಇದ್ದರೆ ಇಸಿಎಂಗೆ ಕರೆಂಟೇ ಹೋಗುತ್ತಿಲ್ಲ, ಫ್ಯೂಸ್ ಮತ್ತು ಮೇನ್ ರಿಲೇ ನೋಡಿ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಬಿಡುವ ಚೌಕ ಡಬ್ಬಿ. ಫ್ಯೂಸ್ ಬಾಕ್ಸ್‌ನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇರುತ್ತದೆ, ಹಾರ್ನ್‌ನದೋ ಮತ್ತೊಂದರದೋ, ಅದನ್ನು ಕಿತ್ತು ಇಲ್ಲಿ ಹಾಕಿ ನೋಡಿ.

ಕೀ ಅಥವಾ ಬೀಗದ ಚಿತ್ರದ ಲೈಟ್ ಮಿನುಗುತ್ತಲೇ ಇದ್ದರೆ ಇಮೊಬಿಲೈಜರ್, ಅಂದರೆ ಕಳ್ಳಕೀ ತಡೆಯುವ ವ್ಯವಸ್ಥೆ, ನಿಮ್ಮ ಕೀಯನ್ನು ಒಪ್ಪುತ್ತಿಲ್ಲ. ಎರಡನೇ ಕೀ ತನ್ನಿ. ಕೀ ಗೊಂಚಲಿನಲ್ಲಿ ಇನ್ನೊಂದು ಚಿಪ್ ಕೀ ಇದ್ದರೆ ಅದನ್ನು ದೂರ ಇಡಿ.

ಫಿಲ್ಟರಿನಲ್ಲಿ ನೀರಿನ ಲೈಟ್ ಇದ್ದರೆ ಹಂತ 4. ಡಿಇಎಫ್ ದ್ರವ (ಹೊಗೆ ಶುದ್ಧಿ ಮಾಡಲು ಬೇರೆ ಟಾಂಕಿಗೆ ಹಾಕುವುದು) ಬೇಕಾಗುವ ಬಿಎಸ್6 ಗಾಡಿಗಳಲ್ಲಿ ಆ ಟಾಂಕಿ ಪೂರ್ತಿ ಖಾಲಿಯಾದರೆ ಕೆಲವು ಗಾಡಿಗಳು ಒಮ್ಮೆ ಆಫ್ ಆದ ಮೇಲೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ವಾರದಿಂದ ಎಚ್ಚರಿಕೆ ಕೊಡುತ್ತಲೇ ಇರುತ್ತದೆ, ನಾವೇ ನೋಡಿರುವುದಿಲ್ಲ.

ಇನ್ನೊಂದು ಸುಲಭದ ಗುರುತು. ಆರ್‌ಪಿಎಂ ಮುಳ್ಳು ಇರುವ ಕಾಮನ್ ರೇಲ್ ಗಾಡಿಯಾದರೆ ಸೆಲ್ಫ್ ಹೊಡೆಯುವಾಗ ಅದು ಸ್ವಲ್ಪವಾದರೂ ಮೇಲೇಳಬೇಕು, 200ರ ಆಸುಪಾಸು. ಸತ್ತ ಹಾವಿನ ಹಾಗೆ ಬಿದ್ದೇ ಇದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಇಟ್ಟುಕೊಂಡು ಹಂತ 7ಕ್ಕೆ ಹೋಗಿ.

ಹಂತ 4: ಟಾಂಕಿ, ಡೀಸೆಲ್, ನೀರು

ನಗಬೇಡಿ, ಡೀಸೆಲ್ ಇದೆಯಾ ನೋಡಿ. ಮುಳ್ಳು ನಂಬಬೇಡಿ. ಕಾಲುವೆ ಏರಿ ಮೇಲೆ ಓರೆಯಾಗಿ ನಿಂತ ಗಾಡಿಯಲ್ಲಿ ಏಳೆಂಟು ಲೀಟರ್ ಇದ್ದರೂ ಪೈಪಿಗೆ ಸಿಗದೇ ಹೋಗುತ್ತದೆ. ಐದು ಲೀಟರ್ ಹಾಕಿ.

ಆಮೇಲೆ ನೀರು. ಫಿಲ್ಟರ್ ತಳದಲ್ಲಿ ಒಂದು ಡ್ರೇನ್ ಸ್ಕ್ರೂ ಇರುತ್ತದೆ. ಅದರ ಕೆಳಗೆ ತಿಳಿ ಬಾಟಲಿ ಹಿಡಿದು ಕಾಲು ಲೀಟರ್ ಇಳಿಸಿ, ಹತ್ತು ನಿಮಿಷ ಅಲುಗಾಡಿಸದೆ ಇಡಿ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಬೇರೆಯಾಗಿ ನಿಂತು ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಒಂದೆರಡು ಹನಿ ಇದ್ದರೆ ಪರವಾಗಿಲ್ಲ. ಎರಡು ಬೆರಳಿನಷ್ಟು ನಿಂತರೆ ಟಾಂಕಿಯಲ್ಲೂ ಇದೆ ಅಂತ ಅರ್ಥ, ಟಾಂಕಿಯ ತಳದ ಪ್ಲಗ್ ಬಿಚ್ಚಿ ಇಳಿಸಲೇಬೇಕು. ಬಾಟಲಿಯಲ್ಲಿ ಕರಿ ಲೋಳೆ ತೇಲುತ್ತಿದ್ದರೆ ನೀರು ಬಹಳ ದಿನದಿಂದ ಇದೆ.

ನಮ್ಮ ಕಡೆ ಇದು ಜಾಸ್ತಿ ಯಾಕೆ ಅಂದರೆ, ಕಟಾವಿನ ಯಂತ್ರಕ್ಕೆ, ಟ್ರ್ಯಾಕ್ಟರ್‌ಗೆ ಅಂತ ಬ್ಯಾರಲ್‌ನಲ್ಲಿ ಡೀಸೆಲ್ ತಂದು ಹೊಲದಲ್ಲಿ ಇಡುತ್ತಾರೆ, ಅರ್ಧ ಖಾಲಿ ಬ್ಯಾರಲ್ ಹಗಲು ಬಿಸಿಲಿಗೆ ಕಾದು ರಾತ್ರಿ ತಣ್ಣಗಾದಾಗ ಒಳಗೆ ಬೆವರುತ್ತದೆ, ಆ ಬೆವರೇ ತಳದಲ್ಲಿ ನೀರಾಗಿ ನಿಲ್ಲುತ್ತದೆ, ಅದನ್ನೇ ಪೈಪಿನಲ್ಲಿ ಎಳೆದು ಪಿಕಪ್‌ಗೂ ಹಾಕುತ್ತಾರೆ. ಬ್ಯಾರಲ್‌ನಿಂದ ತೆಗೆಯುವುದೇ ಆದರೆ ತಳ ಮುಟ್ಟದ ಹಾಗೆ, ನಾಲ್ಕು ಬೆರಳು ಬಿಟ್ಟು ತೆಗೆಯಿರಿ.

ಎಚ್ಚರಿಕೆ: ತಪ್ಪಿ ಪೆಟ್ರೋಲ್ ಹಾಕಿಸಿದ್ದೀರಿ ಅಂತ ಗೊತ್ತಾದರೆ ಕೀಯನ್ನೂ ಆನ್ ಮಾಡಬೇಡಿ. ಡೀಸೆಲ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಅದರ ಜಿಡ್ಡಿನಲ್ಲೇ ಒಳಗಿನ ಭಾಗಗಳು ಸವೆಯದೆ ಉಳಿಯುವುದು. ಪೆಟ್ರೋಲ್‌ನಲ್ಲಿ ಆ ಜಿಡ್ಡಿಲ್ಲ. ಟಾಂಕಿ ಪೂರ್ತಿ ಖಾಲಿ ಮಾಡಿಸಿ ಆಮೇಲೆ ಮಾತಾಡಿ.

ಹಂತ 5: ಏರ್ ಹಿಡಿದಿದೆಯಾ?

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಹೊಗೆ ಬಾರದ ಗಾಡಿಗಳಲ್ಲಿ ನಾನು ನೋಡಿದ್ದು ಜಾಸ್ತಿ ಇದೇ.

ಬಹಳ ಗಾಡಿಗಳಲ್ಲಿ ಟಾಂಕಿಯಿಂದ ಪಂಪಿನವರೆಗೆ ಡೀಸೆಲ್ ತಾನಾಗಿ ಹರಿದು ಬರುವುದಿಲ್ಲ, ಮುಂದಿನ ಪಂಪು ಅದನ್ನು ಎಳೆದುಕೊಳ್ಳುತ್ತದೆ, ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ. ಸ್ಟ್ರಾದಲ್ಲಿ ಸಣ್ಣ ತೂತಿದ್ದರೆ ಏನಾಗುತ್ತದೆ? ಎಳನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಇಲ್ಲಿಯೂ ಹಾಗೇ. ಅದಕ್ಕೇ "ಎಲ್ಲೂ ಲೀಕೇಜ್ ಇಲ್ಲಣ್ಣ, ನೆಲ ಒಣಗಿದೆ" ಅಂತ ಹೇಳುವುದರಿಂದ ಏನೂ ಗೊತ್ತಾಗುವುದಿಲ್ಲ. ನೆಲ ಒಣಗಿದ್ದೂ ಏರ್ ಎಳೆಯುತ್ತಿರಬಹುದು.

ಗುರುತು ಇದು: ಸಂಜೆ ಚೆನ್ನಾಗಿ ಓಡಿ ನಿಂತ ಗಾಡಿ, ಬೆಳಗ್ಗೆ ಹಿಡಿಯುವುದಿಲ್ಲ. ಹ್ಯಾಂಡ್ ಪಂಪ್, ಅಂದರೆ ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪು, ಒತ್ತಿದರೆ ಸ್ಟಾರ್ಟ್ ಆಗುತ್ತದೆ, ಆಮೇಲೆ ದಿನವಿಡೀ ತಕರಾರಿಲ್ಲ. ರಾತ್ರಿ ಆ ಸಣ್ಣ ಸಂದಿನಿಂದ ಗಾಳಿ ಒಳಗೆ ಹೊಕ್ಕು ಪೈಪಿನಲ್ಲಿದ್ದ ಡೀಸೆಲ್ ಟಾಂಕಿಗೆ ವಾಪಸ್ ಇಳಿದಿರುತ್ತದೆ.

ಎಲ್ಲಿಂದ ಎಳೆಯುತ್ತದೆ? ಫಿಲ್ಟರ್ ಮೇಲಿನ ರಬ್ಬರ್ ಓರಿಂಗ್, ಹ್ಯಾಂಡ್ ಪಂಪಿನ ಡಯಾಫ್ರಾಮ್, ಬಿಸಿಲಿಗೆ ಬಿರುಕು ಬಿಟ್ಟ ರಬ್ಬರ್ ಪೈಪಿನ ತುದಿ, ಮತ್ತು ಬ್ಯಾಂಜೊ ಬೋಲ್ಟಿನ ವಾಷರ್. ಬ್ಯಾಂಜೊ ಬೋಲ್ಟ್ ಅಂದರೆ ನಡುವೆ ತೂತಿರುವ ಬೋಲ್ಟು, ಪೈಪಿನ ಉಂಗುರದೊಳಗೆ ಕೂರುತ್ತದೆ, ಮೇಲೊಂದು ಕೆಳಗೊಂದು ತಾಮ್ರದ ವಾಷರ್. ನನ್ನ ಗಾಡಿಯಲ್ಲಿ ಒಮ್ಮೆ ಫಿಲ್ಟರ್ ಬದಲಿಸಿದ ಮರುದಿನವೇ ಈ ರೋಗ ಶುರುವಾಯಿತು. ಒಂದು ಗ್ಯಾರೇಜಿನಲ್ಲಿ ನಾಲ್ಕೂ ಹೀಟರ್ ಪ್ಲಗ್ ಬದಲಿಸಿದರು, ಹೋಗಲಿಲ್ಲ. ಕೊನೆಗೆ ನೋಡಿದರೆ ಹಳೆಯ ವಾಷರನ್ನೇ ತಿರುಗಿಸಿ ಹಾಕಿದ್ದರು. ತಾಮ್ರ ಒಮ್ಮೆ ಬಿಗಿ ಮಾಡಿದರೆ ಚಪ್ಪಟೆಯಾಗಿ ಗೆರೆ ಬೀಳುತ್ತದೆ, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ವಾಷರ್ ಬೆಲೆ ಒಂದು ಚಹಾದಷ್ಟೂ ಇಲ್ಲ.

ಕಣ್ಣಿಗೆ ಕಾಣುವ ಹಾಗೆ ಪರೀಕ್ಷೆ ಮಾಡುವುದು ಹೀಗೆ. ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪು ತೆಗೆದು ಅದರ ಜಾಗದಲ್ಲಿ ಪಾರದರ್ಶಕ ಪೈಪು ಹಾಕಿ ಎರಡೂ ಕಡೆ ಕ್ಲಿಪ್ ಬಿಗಿ ಮಾಡಿ. ಇದು ಕಡಿಮೆ ಒತ್ತಡದ ಕಡೆ, ಕಾಮನ್ ರೇಲ್‌ನಲ್ಲೂ ಮಾಡಬಹುದು. ಹ್ಯಾಂಡ್ ಪಂಪ್ ಒತ್ತುತ್ತಾ ಪೈಪನ್ನೇ ನೋಡಿ. ಮೊದಲು ಕಡೆದ ಮಜ್ಜಿಗೆಯ ಹಾಗೆ ಬೆಳ್ಳನೆಯ ನೊರೆ ಬರುತ್ತದೆ. ಆಮೇಲೆ ದೊಡ್ಡ ದೊಡ್ಡ ಗುಳ್ಳೆ. ಆಮೇಲೆ ಒಂದೊಂದೇ, ಸಾಸಿವೆ ಕಾಳಿನಷ್ಟು. ಎಲ್ಲಾ ಸರಿ ಇದ್ದರೆ ಕೊನೆಗೆ ಪೈಪಿನಲ್ಲಿ ಡೀಸೆಲ್ ಇದೆಯೋ ಇಲ್ಲವೋ ಗೊತ್ತಾಗದಷ್ಟು ತಿಳಿಯಾಗುತ್ತದೆ. ನೂರು ಸಲ ಒತ್ತಿದರೂ ಸಾಸಿವೆ ಗುಳ್ಳೆ ನಿಲ್ಲುವುದಿಲ್ಲ ಅಂದರೆ ಎಲ್ಲೋ ಎಳೆಯುತ್ತಿದೆ.

ಎಲ್ಲಿ ಅಂತ ತಿಳಿಯಲು ಬಾಟಲಿ ಪರೀಕ್ಷೆ. ಒಂದು ಬಾಟಲಿಯಲ್ಲಿ ಸ್ವಚ್ಛ ಡೀಸೆಲ್ ತುಂಬಿ ಬಾನೆಟ್ ಕೊಕ್ಕೆಗೆ ತೂಗು ಹಾಕಿ, ಇಂಜಿನ್‌ಗಿಂತ ಎತ್ತರದಲ್ಲಿ. ಟಾಂಕಿಯಿಂದ ಫಿಲ್ಟರಿಗೆ ಬರುವ ಪೈಪು ಕಿತ್ತು, ಫಿಲ್ಟರಿಗೆ ಬಾಟಲಿಯಿಂದ ಡೀಸೆಲ್ ಕೊಡಿ. ರಿಟರ್ನ್ ಪೈಪು, ಅಂದರೆ ಉಳಿದ ಡೀಸೆಲ್ ಟಾಂಕಿಗೆ ವಾಪಸ್ ಹೋಗುವ ಪೈಪು, ಹಾಗೇ ಇರಲಿ. ಏರ್ ತೆಗೆದು ಸೆಲ್ಫ್ ಹೊಡೆಯಿರಿ. ಗಾಡಿ ಹಿಡಿದುಕೊಂಡಿತಾ? ಹಾಗಾದರೆ ತೊಂದರೆ ಟಾಂಕಿ ಮತ್ತು ಫಿಲ್ಟರ್ ನಡುವೆ. ಹಿಡಿಯಲಿಲ್ಲವಾ? ಬಾಟಲಿಯನ್ನು ಫಿಲ್ಟರ್ ದಾಟಿಸಿ ನೇರ ಪಂಪಿಗೆ ಕೊಟ್ಟು ನೋಡಬಹುದು, ಆದರೆ ಇದು ಹಳೆಯ ಮೆಕ್ಯಾನಿಕಲ್ ಪಂಪಿಗೆ ಮಾತ್ರ. ಕಾಮನ್ ರೇಲ್ ಪಂಪಿಗೆ ಫಿಲ್ಟರ್ ಇಲ್ಲದ ಡೀಸೆಲ್ ಕೊಡಬೇಡಿ, ಕಣ್ಣಿಗೆ ಕಾಣದ ಧೂಳು ಸಾಕು ಅದನ್ನು ಕೆಡಿಸಲು.

ಹಂತ 6: ಏರ್ ತೆಗೆಯುವುದು

ಮೊದಲು ಫಿಲ್ಟರ್ ಸುತ್ತ ಬಟ್ಟೆಯಿಂದ ಒರೆಸಿ. ನಮ್ಮ ಊರಿನ ಧೂಳಿನಲ್ಲಿ ಇದನ್ನು ಬಿಟ್ಟರೆ ಕೆಲಸಕ್ಕಿಂತ ಕೆಡಿಸುವುದೇ ಜಾಸ್ತಿ.

ಮೆಕ್ಯಾನಿಕಲ್ ಪಂಪಿನ ಗಾಡಿ: ಫಿಲ್ಟರ್ ತಲೆಯ ಮೇಲಿನ ಬ್ಲೀಡಿಂಗ್ ಸ್ಕ್ರೂ, ಅಂದರೆ ಗಾಳಿ ಬಿಡುವ ಸ್ಕ್ರೂ, ಎರಡು ಸುತ್ತು ಸಡಿಲಿಸಿ. ಹ್ಯಾಂಡ್ ಪಂಪ್ ಒತ್ತಿ. ನೊರೆ ಹೋಗಿ ಬರೀ ಡೀಸೆಲ್ ಬರುವಾಗ, ಪಂಪ್ ಒತ್ತಿ ಹಿಡಿದುಕೊಂಡೇ ಸ್ಕ್ರೂ ಬಿಗಿ ಮಾಡಿ. ಕೈ ಬಿಟ್ಟು ಬಿಗಿ ಮಾಡಿದರೆ ಅದೇ ಗಾಳಿ ಮತ್ತೆ ಒಳಗೆ ಹೋಗುತ್ತದೆ, ತುಂಬಾ ಜನ ತಪ್ಪುವುದು ಇಲ್ಲೇ. ಪಂಪಿನ ಮೇಲೂ ಸ್ಕ್ರೂ ಇದ್ದರೆ ಹೀಗೇ ಮಾಡಿ. ಆಮೇಲೆ ಎರಡು ನಾಜಲ್‌ಗಳ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಹೊದಿಸಿ, ಮುಖ ದೂರ ಇಟ್ಟು ಸೆಲ್ಫ್ ಹೊಡೆಸಿ. ಡೀಸೆಲ್ ತುಳುಕುತ್ತಿದ್ದಂತೆ ಬಿಗಿ ಮಾಡಿ. ಗಾಡಿ ಒಂದೆರಡು ಸಲ ಕೆಮ್ಮಿ ಹಿಡಿದುಕೊಳ್ಳುತ್ತದೆ.

ಕಾಮನ್ ರೇಲ್: ಫಿಲ್ಟರ್ ಬ್ಲೀಡಿಂಗ್ ಅಷ್ಟೇ. ಹ್ಯಾಂಡ್ ಪಂಪ್ ಕಲ್ಲಿನಂತೆ ಗಟ್ಟಿಯಾಗುವವರೆಗೆ ಒತ್ತಿ. ಟಾಂಕಿಯಲ್ಲಿ ಎಲೆಕ್ಟ್ರಿಕ್ ಪಂಪು ಇದ್ದರೆ ಕೀ ಆನ್ ಮಾಡಿ ಐದು ಸೆಕೆಂಡ್ "ಗುಂಯ್" ಸದ್ದು ಕೇಳಿ, ಆಫ್ ಮಾಡಿ, ಹೀಗೆ ಆರೇಳು ಸಲ. ಸದ್ದೇ ಇಲ್ಲದಿದ್ದರೆ ಅದರ ಫ್ಯೂಸು, ರಿಲೇ, ಸಾಕೆಟ್ ನೋಡಿ. ಉಳಿದ ಗಾಳಿಯನ್ನು ಪಂಪು ತಾನೇ ರಿಟರ್ನ್‌ಗೆ ತಳ್ಳುತ್ತದೆ. ಸ್ಟೀಲ್ ಪೈಪು ಮುಟ್ಟಬೇಡಿ ಅಂತ ಮತ್ತೆ ಹೇಳುತ್ತಿದ್ದೇನೆ, ಬೇಜಾರಾಗಬೇಡಿ.

ಹಂತ 7: ಕರೆಂಟಿನ ಕಡೆ

ಹಳೆಯ ಪಂಪಿನ ಮೇಲೆ ಸ್ಟಾಪ್ ಸೊಲಿನಾಯ್ಡ್ ಇರುತ್ತದೆ. ಕೀ ಆನ್ ಆದಾಗ ಡೀಸೆಲ್ ದಾರಿ ತೆರೆಯುವುದು, ಆಫ್ ಆದಾಗ ಮುಚ್ಚುವುದು ಅದರ ಕೆಲಸ. ಅದರ ಮೇಲೆ ಬೆರಳಿಟ್ಟು ಕೀ ಆನ್ ಮಾಡಿಸಿ, "ಟಿಕ್" ಅಂತ ಬಡಿಯಬೇಕು. ಬಡಿಯದಿದ್ದರೆ ಟೆಸ್ಟ್ ಲ್ಯಾಂಪ್ ಹಚ್ಚಿ. ಬಲ್ಬ್ ಹತ್ತಿದರೆ ಕರೆಂಟು ಬರುತ್ತಿದೆ, ಸೊಲಿನಾಯ್ಡ್ ಸತ್ತಿದೆ. ಹತ್ತದಿದ್ದರೆ ವೈರು, ಫ್ಯೂಸು. ಇನ್ನೂ ಹಳೆಯದಾಗಿ ಎಳೆಯುವ ಸ್ಟಾಪ್ ಕೇಬಲ್ ಇದ್ದರೆ ಅದು ತುಕ್ಕು ಹಿಡಿದು ಅರ್ಧಕ್ಕೆ ಸಿಕ್ಕಿದೆಯಾ ನೋಡಿ.

ಕಾಮನ್ ರೇಲ್‌ನಲ್ಲಿ ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್ ಅಂತ ಎರಡು ಇವೆ. ಇಂಜಿನ್ ಎಷ್ಟು ತಿರುಗಿದೆ, ಯಾವ ಸಿಲಿಂಡರ್ ಸರದಿ ಅಂತ ಇಸಿಎಂಗೆ ಇವೇ ಹೇಳಬೇಕು. ಕ್ರ್ಯಾಂಕ್ ಸೆನ್ಸರ್ ಸುಳಿವು ಕೊಡದಿದ್ದರೆ ನಾಜಲ್ ತೆರೆಯುವುದೇ ಇಲ್ಲ. ಇದರ ಒಂದು ಚಾಳಿ ಹೇಳುತ್ತೇನೆ: ತಣ್ಣಗಿದ್ದಾಗ ಚೆನ್ನಾಗಿರುತ್ತದೆ, ಏಪ್ರಿಲ್ ಮೇ ಬಿಸಿಲಲ್ಲಿ ರಾಯಚೂರು ಲಿಂಗಸುಗೂರು ಓಡಿ ಚಹಾ ಕುಡಿಯಲು ನಿಲ್ಲಿಸಿದರೆ ಮತ್ತೆ ಹಿಡಿಯುವುದಿಲ್ಲ, ಅರ್ಧ ಗಂಟೆ ತಣ್ಣಗಾದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಹೀಗಿದ್ದರೆ ಸೆನ್ಸರ್ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟು ನೋಡಿ, ಸಾಕೆಟ್‌ಗೆ ನೀರು ಹೋಗದ ಹಾಗೆ. ಸ್ಟಾರ್ಟ್ ಆದರೆ ಕಳ್ಳ ಬಹುಮಟ್ಟಿಗೆ ಸಿಕ್ಕ ಹಾಗೆ.

ಬೆಳಗ್ಗೆ ಕೆಡುವುದು ಏರ್, ಬಿಸಿಯಲ್ಲಿ ಕೆಡುವುದು ಸೆನ್ಸರ್ ಇಲ್ಲಾ ಸವೆದ ಪಂಪು ನಾಜಲ್. ಮೇಸ್ತ್ರಿಗೆ ಈ ವ್ಯತ್ಯಾಸ ಹೇಳಿದರೆ ಅವರ ಅರ್ಧ ದಿನ ಉಳಿಯುತ್ತದೆ.

ಇಲಿಯ ವಿಷಯ. ರೈಸ್ ಮಿಲ್, ಗೋದಾಮಿನ ಪಕ್ಕ ನಿಲ್ಲುವ ಗಾಡಿಗಳಲ್ಲಿ ಟಾರ್ಚ್ ಹಿಡಿದು ಇಂಜಿನ್ ಮೇಲಿನ ವೈರಿಂಗ್ ಪೂರ್ತಿ ನೋಡಿ, ಅದರಲ್ಲೂ ನಾಜಲ್ ಸಾಕೆಟ್‌ಗಳ ಹತ್ತಿರ ಮತ್ತು ರಿಟರ್ನ್ ಪೈಪಿನ ಹತ್ತಿರ. ಇಂಜಿನ್ ಬಿಸಿಗೆ ಬೆಚ್ಚಗೆ ಮಲಗಿ ರಾತ್ರಿಯೆಲ್ಲ ಅಗಿದಿರುತ್ತವೆ. ಕಡಿದ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ ಸ್ಲೀವ್ ಹಾಕಿಸಿ.

ಹಂತ 8: ಹೀಟರ್ ಪ್ಲಗ್

ಇದಕ್ಕೆ ಜಾಸ್ತಿ ಬರೆಯುವುದಿಲ್ಲ. ಚಳಿಯಲ್ಲಿ ಸಿಲಿಂಡರ್ ಬೆಚ್ಚಗೆ ಮಾಡುವ ಪ್ಲಗ್ ಇದು. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಆ ಬಿಸಿಲಲ್ಲಿ ಗಾಡಿ ಹಿಡಿಯದೇ ಇರಲು ಹೀಟರ್ ಕಾರಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಬೆಳ್ಳನೆಯ ಹೊಗೆ ಬಂದು ಹಿಡಿಯುವುದು ತಡವಾದರೆ ಮಾತ್ರ ನೋಡಿ. ಪ್ಲಗ್ಗಿನ ವೈರು ತೆಗೆದು, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪ್ಲಗ್ಗಿನ ತಲೆಗೆ. ಬಲ್ಬ್ ಹತ್ತಿದರೆ ಪ್ಲಗ್ ಜೀವಂತ.

ಹಂತ 9: ಸ್ಕ್ಯಾನರ್ ಮತ್ತು ರಿಟರ್ನ್ ಪರೀಕ್ಷೆ

ಇಲ್ಲಿಯವರೆಗೆ ಬಂದೂ ಸ್ಟಾರ್ಟ್ ಆಗದ ಕಾಮನ್ ರೇಲ್ ಗಾಡಿಗೆ ಸ್ಕ್ಯಾನರ್ ಬೇಕು, ಅಂದರೆ ಇಸಿಎಂ ದಾಖಲಿಸಿದ ತೊಂದರೆಯ ಕೋಡ್ ಓದುವ ಯಂತ್ರ. ಎರಡು ಸಂಗತಿ ಕೇಳಿ. ಒಂದು, ಯಾವ ಕೋಡ್ ಇದೆ. ಪಿ0335 ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ಕ್ಯಾಮ್ ಸೆನ್ಸರ್, ಪಿ0087 ರೇಲ್ ಒತ್ತಡ ಕಡಿಮೆ. ಕೋಡ್ ಬಂತು ಅಂತ ಆ ಸಾಮಾನು ಬದಲಿಸಬೇಡಿ, ವೈರು ತುಂಡಾದರೂ ಅದೇ ಕೋಡ್ ಬರುತ್ತದೆ. ಎರಡು, ಸೆಲ್ಫ್ ಹೊಡೆಯುವಾಗ ರೇಲ್ ಒತ್ತಡ ಎಷ್ಟು ಏರುತ್ತದೆ. ಸಾಮಾನ್ಯವಾಗಿ 200 ಬಾರ್ ಆಸುಪಾಸು ಮುಟ್ಟದೆ ಇಸಿಎಂ ನಾಜಲ್ ತೆರೆಯುವುದಿಲ್ಲ. 50, 60ರಲ್ಲೇ ನಿಂತರೆ ಒತ್ತಡ ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪಿಗೆ ಡೀಸೆಲ್ ಸಾಲುತ್ತಿಲ್ಲ.

ಸೋರುವುದು ಎಲ್ಲಿ ಅಂತ ನೋಡಲು ರಿಟರ್ನ್ ಪರೀಕ್ಷೆ. ನಾಲ್ಕೂ ನಾಜಲ್‌ಗಳ ತೆಳು ರಿಟರ್ನ್ ಪೈಪು ತೆಗೆದು ಒಂದೊಂದಕ್ಕೂ ಸಣ್ಣ ಪೈಪು ಹಾಕಿ ನಾಲ್ಕು ಬಾಟಲಿಗೆ ಬಿಡುತ್ತಾರೆ, ಹದಿನೈದು ಸೆಕೆಂಡ್ ಸೆಲ್ಫ್ ಹೊಡೆಯುತ್ತಾರೆ. ಮೂರು ಬಾಟಲಿಯಲ್ಲಿ ನಾಲ್ಕಾರು ಹನಿ, ಒಂದರಲ್ಲಿ ಧಾರೆ ಅಂದರೆ ಆ ಒಂದು ನಾಜಲ್ ಒಳಗೇ ಸವೆದು ಒತ್ತಡವನ್ನೆಲ್ಲ ವಾಪಸ್ ಬಿಡುತ್ತಿದೆ. ಯಾರಾದರೂ "ನಾಲ್ಕೂ ನಾಜಲ್ ಹೋಗಿವೆ" ಅಂದರೆ ಈ ಬಾಟಲಿಗಳನ್ನು ನಿಮ್ಮ ಕಣ್ಣೆದುರು ತೋರಿಸಲು ಹೇಳಿ. ತೋರಿಸದಿದ್ದರೆ ಗಾಡಿ ಬೇರೆ ಕಡೆ ಒಯ್ಯಿರಿ. ಬದಲಿಸಿದರೂ ಹಳೆಯ ಸಾಮಾನು ಕೇಳಿ ಪಡೆಯಿರಿ.

ಮೆಕ್ಯಾನಿಕಲ್ ಗಾಡಿಯಲ್ಲಿ ಡೀಸೆಲ್ ಸರಿಯಾಗಿ ಬೀಳುತ್ತಿದ್ದು, ಬೆಳ್ಳನೆಯ ಹೊಗೆ ನಿಲ್ಲದೇ ಇದ್ದರೆ ಕಂಪ್ರೆಷನ್ ಅಳೆಯಿಸಿ. ಅದು ಗೇಜ್ ಇರುವ ಗ್ಯಾರೇಜಿನ ಕೆಲಸ.

ಮಾಡಲೇಬಾರದ ಮೂರು ಕೆಲಸ

ಏರ್ ಫಿಲ್ಟರ್ ಪೈಪಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು ಅಥವಾ ಈಥರ್ ಸ್ಪ್ರೇ ಹೊಡೆಯುವುದು. ಹೀಟರ್ ಪ್ಲಗ್ ಕಾದಿದ್ದರೆ ಅಲ್ಲೇ ಸ್ಫೋಟ, ಪಿಸ್ಟನ್ ರಿಂಗ್ ಮುರಿಯುತ್ತವೆ, ಬಟ್ಟೆ ಹಿಡಿದವನ ಕೈ ಸುಡುತ್ತದೆ.

ಬಿಎಸ್6 ಗಾಡಿಯನ್ನು ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡುವುದು. ಸುಡದ ಡೀಸೆಲ್ ಸೈಲೆನ್ಸರ್‌ನ ಹೊಗೆ ಶುದ್ಧಿ ಮಾಡುವ ಡಬ್ಬಿಗೆ ಸೇರಿ ಅದನ್ನೇ ಹಾಳು ಮಾಡುತ್ತದೆ. ಆ ಡಬ್ಬಿ ಅಗ್ಗದ್ದಲ್ಲ.

ಹಳ್ಳದ ನೀರು ದಾಟುವಾಗ ಬಂದಾದ ಗಾಡಿಗೆ ಸೆಲ್ಫ್ ಹೊಡೆಯುವುದು. ಸಿಲಿಂಡರ್‌ನಲ್ಲಿ ನೀರಿದ್ದರೆ ಗಾಳಿಯಂತೆ ಅದು ಒತ್ತಿಸಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಸ್ಟಾರ್ಟ್ ಆಯಿತಾ? ಕೂಡಲೇ ಲೋಡ್ ಹತ್ತಿಸಬೇಡಿ. ಹತ್ತು ನಿಮಿಷ ನಿಂತಲ್ಲೇ ಓಡಲಿ, ನೀವು ಬಿಚ್ಚಿದ ಒಂದೊಂದು ಜಾಯಿಂಟನ್ನೂ ಒಣ ಬಟ್ಟೆಯಿಂದ ಒರೆಸಿ, ಐದು ನಿಮಿಷ ಬಿಟ್ಟು ಮತ್ತೆ ಒರೆಸಿ ನೋಡಿ. ಕಾಮನ್ ರೇಲ್‌ನ ಸ್ಟೀಲ್ ಪೈಪುಗಳ ಹತ್ತಿರ ಮಾತ್ರ ಇಂಜಿನ್ ಓಡುವಾಗ ಕೈ ಒಯ್ಯಬೇಡಿ. ಹಾಕಿದ್ದ ಪಾರದರ್ಶಕ ಪೈಪನ್ನು ತೆಗೆದು ಡೀಸೆಲ್ ರಬ್ಬರ್ ಪೈಪು ಹಾಕಿ, ಇಂಜಿನ್ ಬಿಸಿಗೆ ಪಾರದರ್ಶಕ ಪೈಪು ಮೆತ್ತಗಾಗಿ ಜಾರುತ್ತದೆ. ಏರ್ ರೋಗವಾಗಿದ್ದರೆ ಗುಣವಾಗಿದೆಯೋ ಇಲ್ಲವೋ ಅವತ್ತು ಗೊತ್ತಾಗುವುದಿಲ್ಲ. ಮರುದಿನ ನಸುಕಿನಲ್ಲಿ, ಹ್ಯಾಂಡ್ ಪಂಪ್ ಮುಟ್ಟದೆ, ಒಂದೇ ಸೆಲ್ಫ್‌ಗೆ ಹಿಡಿಯಬೇಕು. ಅಲ್ಲಿಯವರೆಗೆ ಪಾನಾ, ಎರಡು ಹೊಸ ವಾಷರ್ ಸೀಟಿನ ಕೆಳಗೇ ಇರಲಿ.